ಮಗ್ಗ ಬಿಟ್ಟ ಮೇಲೆ ಸಿಕ್ಕ ಮರ್ಯಾದೆ

ಕರೆ ಬಂದಿದ್ದು ಗಂಡನಿಗೆ. 1963ರಲ್ಲಿ ಲಾಸ್ ಏಂಜಲೀಸ್‌ನ ಟ್ಯಾಮರಿಂಡ್ ಲಿಥೋಗ್ರಫಿ ಕಾರ್ಯಾಗಾರಕ್ಕೆ ಅತಿಥಿಯಾಗಿ ಹೋದ ಯೋಸೆಫ್ ಆಲ್ಬರ್ಸ್ ಆ ಹೊತ್ತಿಗೆ ಅಮೆರಿಕದ ಚಿತ್ರಕಲೆಯಲ್ಲಿ ದೊಡ್ಡ ಹೆಸರು. ಚೌಕದೊಳಗೊಂದು ಚೌಕವಿಟ್ಟು ವರ್ಷಗಟ್ಟಲೆ ಬಣ್ಣಗಳ ಗುಣವನ್ನು ಒರೆಗೆ ಹಚ್ಚಿದ ಮನುಷ್ಯ. ಜೊತೆಗೆ ಹೋಗಿದ್ದ ಹೆಂಡತಿ ಆನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಕಾರ್ಯಾಗಾರ ಕಟ್ಟಿದ ಜೂನ್ ವೇಯ್ನ್ ಎಂಬ ಕಲಾವಿದೆ, ನೀವೂ ಒಮ್ಮೆ ಕೈಹಚ್ಚಿ ನೋಡಿ ಎಂದು ಆಕೆಯನ್ನೂ ಕರೆದರು.

ಆನಿ ಆಲ್ಬರ್ಸ್‌ಗೆ ಆಗ 64ರ ಆಸುಪಾಸು. ಅದಾಗಲೇ ನಲವತ್ತು ವರ್ಷ ಮಗ್ಗದ ಮುಂದೆ ಕಳೆದಿದ್ದರು. ಆ ಕರೆಗೆ ಓಗೊಟ್ಟವರು ಕೆಲವೇ ವರ್ಷಗಳಲ್ಲಿ ಮಗ್ಗವನ್ನೇ ಬಿಟ್ಟುಕೊಟ್ಟರು.

ಲಿಥೋಗ್ರಫಿ ಎಂದರೆ ಕಲ್ಲಚ್ಚು. ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದಿದ್ದೇ ಕಲ್ಲಚ್ಚಿನಿಂದ. ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುವುದು, ಕಲ್ಲಿಗೆ ನೀರು ಸವರುವುದು, ಆಮೇಲೆ ಶಾಯಿ ಉರುಳಿಸುವುದು. ನೀರು ಕುಡಿದ ಜಾಗ ಶಾಯಿಯನ್ನು ದೂರವಿಡುತ್ತದೆ, ಜಿಡ್ಡು ಅದನ್ನು ಹಿಡಿದುಕೊಳ್ಳುತ್ತದೆ. ಆನಿಯನ್ನು ಮರುಳು ಮಾಡಿದ್ದು ಮಾತ್ರ ಈ ರಸಾಯನವಲ್ಲ, ಗೆರೆಗೆ ಅಲ್ಲಿ ಸಿಕ್ಕ ಬಿಡುಗಡೆ. ಮಗ್ಗದಲ್ಲಿ ಎಳೆಗೆ ಎರಡೇ ದಾರಿ, ಉದ್ದಕ್ಕೆ ಇಲ್ಲವೇ ಅಡ್ಡಕ್ಕೆ. ಕಲ್ಲಿನ ಮೇಲೆ ಅದೇ ಎಳೆ ಬಾಗಬಹುದು, ಸುತ್ತಬಹುದು, ತನ್ನನ್ನೇ ಹಾದು ಗಂಟಾಗಬಹುದು. 1964ರಲ್ಲಿ ಟ್ಯಾಮರಿಂಡ್‌ನಲ್ಲೇ ಮೂಡಿದ ‘ಲೈನ್ ಇನ್‌ವಾಲ್ವ್‌ಮೆಂಟ್ಸ್’ ಎಂಬ ಕಲ್ಲಚ್ಚುಗಳ ಕಟ್ಟನ್ನು ನೋಡಿದರೆ, ಬಿಗಿದು ಕಟ್ಟಿದ್ದ ನೂಲಿನ ಲಡಿಯನ್ನು ಯಾರೋ ಕತ್ತರಿಸಿ ನೀರಿಗೆ ಬಿಟ್ಟಂತಿದೆ.

ಆ ಲಡಿ ಕೈಗೆ ಬಂದದ್ದು ಕೂಡ ಆನಿಯ ಇಷ್ಟದಿಂದ ಅಲ್ಲ.

ಹುಟ್ಟಿದ್ದು 1899ರಲ್ಲಿ, ಬರ್ಲಿನ್ನಿನ ಶಾರ್ಲಟನ್‌ಬರ್ಗ್‌ನಲ್ಲಿ. ಹೆಸರು ಆನಲೀಸ ಫ್ಲೈಶ್‌ಮನ್. ಅಪ್ಪ ಪೀಠೋಪಕರಣಗಳ ತಯಾರಕ, ಅಮ್ಮ ಉಲ್‌ಸ್ಟೈನ್ ಎಂಬ ಪ್ರಸಿದ್ಧ ಪ್ರಕಾಶನ ಮನೆತನದವಳು. ಯಹೂದಿ ಮೂಲದ, ಆದರೆ ಮಕ್ಕಳಿಗೆ ಪ್ರಾಟೆಸ್ಟಂಟ್ ದೀಕ್ಷೆ ಕೊಡಿಸಿದ್ದ ಸಿರಿವಂತ ಮನೆ. ಮನೆಪಾಠಕ್ಕೆ ಐರಿಶ್ ಗವರ್ನೆಸ್ ಇದ್ದಳು. ಅವಳಿಂದ ಕಲಿತ ಇಂಗ್ಲಿಷ್ ಮುಂದೆ ಹೊಟ್ಟೆಪಾಡಿಗೇ ಬೇಕಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು! ಹುಡುಗಿಗೆ ಚಿತ್ರಗಾರ್ತಿಯಾಗುವ ಆಸೆ. ತಾನು ಬರೆದ ಅಮ್ಮನ ಭಾವಚಿತ್ರವನ್ನು ಹಿಡಿದು ಡ್ರೆಸ್ಡೆನ್ನಿನಲ್ಲಿದ್ದ ಚಿತ್ರಕಾರ ಆಸ್ಕರ್ ಕೊಕೊಶ್ಕಾ ಬಳಿಗೆ ಹೋದಳು. ನೀನು ಯಾಕಾಗಿ ಚಿತ್ರ ಬರೆಯುತ್ತೀಯ ಎಂದು ಕೇಳಿ ಆ ಮಹಾಶಯ ಕಳಿಸಿಬಿಟ್ಟ. ಮುದುಕಿಯಾದ ಮೇಲೂ ಆನಿ ಇದನ್ನು ನೆನೆಸಿಕೊಂಡು ಹೇಳುತ್ತಿದ್ದರು.

1922ರಲ್ಲಿ ವೈಮಾರ್‌ನ ಬೌಹೌಸ್ ಶಾಲೆ ಸೇರಿದಳು. ಮೊದಲ ಅರ್ಜಿ ತಿರಸ್ಕೃತ, ಎರಡನೆಯ ಸಲ ಪ್ರವೇಶ. (ಅದೇ ವರ್ಷದ ಡಿಸೆಂಬರಿನಲ್ಲಿ ಬೌಹೌಸ್‌ನ ಚಿತ್ರಗಳು ಕಲ್ಕತ್ತೆಯ ಪ್ರದರ್ಶನಕ್ಕೆ ಬಂದಿದ್ದವು, ಪಾಲ್ ಕ್ಲೇ, ಕ್ಯಾಂಡಿನ್‌ಸ್ಕಿಯರ ಕೆಲಸ ಭಾರತದ ಕಲಾವಿದರ ಕಣ್ಣಿಗೆ ಬಿದ್ದದ್ದು ಹಾಗೆ.) ಗಂಡು ಹೆಣ್ಣಿನ ನಡುವೆ ಭೇದವಿಲ್ಲವೆಂದು ಶಾಲೆ ಘೋಷಿಸಿಕೊಂಡಿತ್ತು. ಮಾತು ಚೆನ್ನಾಗಿಯೇ ಇತ್ತು. ಆದರೆ ಹುಡುಗಿಯರ ಅರ್ಜಿಗಳು ಬರಬರುತ್ತ ಹೆಚ್ಚಾದಾಗ ಅವರನ್ನೆಲ್ಲ ಒಂದೇ ಬಾಗಿಲಿನತ್ತ ತಳ್ಳಲಾಯಿತು. ಅದು ನೇಯ್ಗೆಯ ಬಾಗಿಲು. ಆನಲೀಸಳಿಗೆ ಗಾಜಿನ ವಿಭಾಗ ಬೇಕಿತ್ತು. ನೂಲೆಂದರೆ ಅವಳಿಗೆ ತಾತ್ಸಾರ. ಅದು ಜೀವವಿಲ್ಲದ, ಹೆಂಗಸರನ್ನು ಕೂರಿಸಲು ಮಾಡಿದ ಕೆಲಸವೆಂದೇ ಅವಳ ಎಣಿಕೆ. ಬೇರೆ ಜಾಗ ಸಿಗಲಿಲ್ಲವಾಗಿ ಮಗ್ಗದ ಮುಂದೆ ಕೂತಳು. ಗಾಜಿನ ವಿಭಾಗದಲ್ಲಿದ್ದ ಯೋಸೆಫ್ ಮಾತ್ರ ಸಿಕ್ಕಿದ. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು, ಬಾಟ್ರಪ್ ಎಂಬ ಗಣಿ ಊರಿನ, ಮನೆಗಳಿಗೆ ಬಣ್ಣ ಬಳಿಯುವವನ ಮಗ, ಕ್ಯಾಥೊಲಿಕ್. 1925ರಲ್ಲಿ ಮದುವೆಯಾಯಿತು.

ನಾವು ದಿನಕ್ಕೆ ಹತ್ತು ಸಲ ‘ಹಾಸುಹೊಕ್ಕು’ ಎನ್ನುತ್ತೇವೆ. ರಾಜಕಾರಣದಲ್ಲಿ ಲಂಚ ಹಾಸುಹೊಕ್ಕಾಗಿದೆ, ಬದುಕಿನಲ್ಲಿ ಸಿನಿಮಾ ಹಾಸುಹೊಕ್ಕಾಗಿದೆ. ಯಾವುದು ಹಾಸು, ಯಾವುದು ಹೊಕ್ಕು ಎಂದು ಕೇಳಿದರೆ ನಮ್ಮಲ್ಲಿ ಹಲವರು ತಡವರಿಸುತ್ತೇವೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕೂತ ನೂಲು ಹಾಸು. ಲಾಳಿಯ ಜೊತೆ ಅಡ್ಡಡ್ಡ ಓಡಾಡಿ ಅದರೊಳಗೆ ಹೊಗುವುದು ಹೊಕ್ಕು. ಮನುಷ್ಯ ನೇಯಲು ಕಲಿತಾಗಿನಿಂದ ಈ ಕೂಡುವಿಕೆಯ ನಿಯಮ ಬದಲಾಗಿಲ್ಲ. ಒಲ್ಲದ ಮಗ್ಗದಲ್ಲಿ ಆನಿ ಕಂಡುಕೊಂಡದ್ದು ಇದನ್ನೇ. ಖಾಲಿ ಕ್ಯಾನ್ವಾಸಿನ ಎದುರು ಏನು ಬೇಕಾದರೂ ಮಾಡಬಹುದೆಂಬ ಭಯ ಇಲ್ಲಿಲ್ಲ. ನೂಲು ಬೇಡವೆಂದರೆ ಬೇಡ. ಕಟ್ಟುಪಾಡೇ ಕೈಹಿಡಿಯಿತು ಎಂದು ಮುಂದೆ ಅವರು ಬರೆದರು. ಮಗ್ಗದ ತಾಂತ್ರಿಕತೆ ಕಲಿತದ್ದು ಗುಂಟಾ ಸ್ಟೋಲ್ಜ್ಲ್ ಅವರಿಂದ, ಆಕಾರಗಳನ್ನು ಜೋಡಿಸಿ ತಿರುಗಿಸಿ ಕಟ್ಟುವ ಬುದ್ಧಿ ಪಾಲ್ ಕ್ಲೇಯ ಪಾಠಗಳಿಂದ.

1930ರ ಡಿಪ್ಲೊಮಾಕ್ಕಾಗಿ ಆನಿ ನೇಯ್ದದ್ದು ಗೋಡೆಗೆ ಹೊದಿಸುವ ಬಟ್ಟೆ. ಬರ್ಲಿನ್ ಹತ್ತಿರದ ಬೆರ್ನಾವ್‌ನಲ್ಲಿ ವಾಸ್ತುಶಿಲ್ಪಿ ಹಾನೆಸ್ ಮೇಯರ್ ಕಟ್ಟಿದ ಕಾರ್ಮಿಕ ಸಂಘಗಳ ಶಾಲೆಯ ಸಭಾಂಗಣದಲ್ಲಿ ಮಾತು ಗೋಡೆಗೆ ಬಡಿದು ಮಾರ್ದನಿಸುತ್ತಿತ್ತು. ದಪ್ಪ ಬಟ್ಟೆ ಹೊದಿಸಿದರೆ ಸದ್ದು ಅಡಗುತ್ತದೆ, ಆದರೆ ಕೋಣೆ ಕತ್ತಲಾಗುತ್ತದೆ. ಆನಿ ಹಿಂಬದಿಗೆ ಸದ್ದನ್ನು ಹೀರುವ ಮೆತ್ತನೆಯ ಶೆನೀಲ್ ನೂಲು ಹಾಕಿ, ಮುಂಬದಿಗೆ ಸೆಲೋಫೇನ್ ನೇಯ್ದರು. ಮಿಠಾಯಿ ಸುತ್ತುವ ಅದೇ ಮಿರುಗುವ ಹಾಳೆ. ಒಂದೇ ಬಟ್ಟೆ ಸದ್ದನ್ನು ನುಂಗಿ ಬೆಳಕನ್ನು ಮರಳಿಸುತ್ತಿತ್ತು. ಇದು ಅಲಂಕಾರವೋ ಎಂಜಿನಿಯರಿಂಗೋ ಎಂದು ಕೇಳಿದರೆ ಉತ್ತರ ಕಷ್ಟ. ಅಮೆರಿಕದ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಇದನ್ನು ಆಕೆಯ ಅಮೆರಿಕಾ ಪಾಸ್‌ಪೋರ್ಟ್ ಎಂದು ಕರೆದದ್ದುಂಟು.

ಮಾತು ತಮಾಷೆಯದಾದರೂ ಸಂಗತಿ ನಿಜ. 1933ರಲ್ಲಿ ನಾಜಿಗಳ ಒತ್ತಡದಿಂದ ಬೌಹೌಸ್ ಮುಚ್ಚಿತು. ಯೋಸೆಫ್‌ಗೆ ಕೆಲಸ ಹೋಯಿತು, ಆನಿಗೆ ರಕ್ತದ ಲೆಕ್ಕದಲ್ಲಿ ದೇಶವೇ ಹೋಯಿತು. ತಾನು ಯಹೂದಿ ಎಂದರೆ ಹಿಟ್ಲರನ ಅರ್ಥದಲ್ಲಿ ಮಾತ್ರ ಎಂದು ಆನಿ ಹೇಳುತ್ತಿದ್ದರು. ಆ ಅರ್ಥವೇ ಸಾಕಿತ್ತು. ಆ ಬೇಸಗೆಯಲ್ಲಿ ಬರ್ಲಿನ್ನಿಗೆ ಬಂದಿದ್ದ ಜಾನ್ಸನ್, ಅಮೆರಿಕಕ್ಕೆ ಬರುತ್ತೀರಾ ಎಂದು ಕೇಳಿದರು. ಉತ್ತರ ಕೆರೊಲೈನಾದ ಬೆಟ್ಟಗಳ ನಡುವೆ ಆಗಷ್ಟೇ ಶುರುವಾಗುತ್ತಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಕಲಾಶಿಕ್ಷಕ ಬೇಕಾಗಿದ್ದ. ನವೆಂಬರಿನಲ್ಲಿ ದಂಪತಿ ‘ಯೂರೋಪಾ’ ಹಡಗಿನಿಂದ ನ್ಯೂಯಾರ್ಕ್‌ನಲ್ಲಿ ಇಳಿದರು. ಯೋಸೆಫ್‌ಗೆ ಇಂಗ್ಲಿಷ್ ಬಾರದು. ಗವರ್ನೆಸ್ ಕಲಿಸಿದ ಭಾಷೆ ಆಗ ನೆರವಿಗೆ ಬಂತು.

ವಲಸೆಗಾರರ ಕಥೆಗಳಲ್ಲಿ ಬಿಟ್ಟುಬಂದ ಮನೆ, ಕಳೆದುಹೋದ ವಸ್ತುಗಳ ಪಟ್ಟಿ ಉದ್ದ ಇರುತ್ತದೆ. ಆನಿಯ ಬರಹಗಳಲ್ಲಿ ಹುಡುಕಿದರೆ ಅಂಥ ಹಳಹಳಿಕೆ ಸಿಗುವುದೇ ಇಲ್ಲ. ಹಾಗೆಂದು ಸುಖವಾಗಿ ಬಂದವರೇನಲ್ಲ. ಅಪ್ಪ ಅಮ್ಮ ಜರ್ಮನಿ ಬಿಟ್ಟು ಪಾರಾಗಲು 1939ರವರೆಗೆ ಕಾಯಬೇಕಾಯಿತು. ಬ್ಲ್ಯಾಕ್ ಮೌಂಟನ್ನಿನಲ್ಲಿ ಮಾತ್ರ ಆನಿ ಸೊನ್ನೆಯಿಂದ ನೇಯ್ಗೆಯ ತರಗತಿ ಕಟ್ಟಿದರು. ಅವರು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಪೆರುವಿನ ಮರಳುಗಾಡಿನಲ್ಲಿ ಬರಿಗೈಲಿ ಸಿಕ್ಕಿಬಿದ್ದಿದ್ದೀರಿ ಎಂದುಕೊಳ್ಳಿ, ಮಗ್ಗವಿಲ್ಲ, ಏನೂ ಇಲ್ಲ. ಈಗ ನೇಯ್ಗೆಯನ್ನು ಮೊದಲಿನಿಂದ ಕಂಡುಹಿಡಿಯಿರಿ! ಹುಲ್ಲು, ಮುಸುಕಿನ ಜೋಳದ ಕಾಳು, ತಿರುಚಿದ ಕಾಗದ, ಮರದ ಹೆರೆ, ಹೀಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿ ಬಟ್ಟೆಯ ಮೈ ಹೇಗಿರುತ್ತದೆಂದು ಹುಡುಗರು ತೋರಿಸಬೇಕಿತ್ತು. ಬರಿಗೈಲಿ ಹೊಸ ನೆಲಕ್ಕೆ ಬಂದಿಳಿದವರಿಗಲ್ಲದೆ ಇನ್ನಾರಿಗೆ ಹೊಳೆದೀತು ಇಂಥ ಪಾಠ?

ಪೆರು ಎಂದದ್ದು ಬಾಯಿಗೆ ಬಂದ ಹೆಸರಲ್ಲ; ಲ್ಯಾಟಿನ್ ಅಮೆರಿಕದ ಹಳೆಯ ನೇಯ್ಗೆ ಆನಿಯನ್ನು ಸೆಳೆದಿತ್ತು. 1935ರಲ್ಲಿ ಮೊದಲ ಸಲ ಮೆಕ್ಸಿಕೊಗೆ ಹೋದ ದಂಪತಿ ಆಮೇಲೆ ಹತ್ತಾರು ಬಾರಿ ಹೋದರು. ಹಳ್ಳಿಯ ಹೆಂಗಸರು ಒಂದು ತುದಿಯನ್ನು ಮರಕ್ಕೂ ಇನ್ನೊಂದನ್ನು ಸೊಂಟಕ್ಕೂ ಕಟ್ಟಿಕೊಂಡು, ಮೈ ಹಿಂದಕ್ಕೆ ಬಾಗಿಸಿದರೆ ಹಾಸು ಬಿಗಿಯಾಗುವ, ಮುಂದಕ್ಕೆ ಬಾಗಿಸಿದರೆ ಸಡಿಲವಾಗುವ ಸೊಂಟಮಗ್ಗದಲ್ಲಿ ನೇಯುವುದನ್ನು ನೋಡಿ ಆನಿ ಬೆರಗಾದರು. ಅದನ್ನೇ ತಂದು ಕಾಲೇಜಿನಲ್ಲಿ ಪಾಠಕ್ಕಿಟ್ಟರು. ಪುರಾತನ ಪೆರುವಿನ ಬಟ್ಟೆಗಳ ವಿಷಯದಲ್ಲಂತೂ ಅವರದು ಭಕ್ತಿಯೇ. ಲಿಪಿ ಇರದ ಆ ನಾಡಿನಲ್ಲಿ ಬರಹ ಮಾಡಬೇಕಾದ ಕೆಲಸವನ್ನು ಬಟ್ಟೆ ಮಾಡಿತೆಂಬುದು ಆನಿಯ ನಂಬಿಕೆ. 1936ರಲ್ಲಿ ನೇಯ್ದ ಒಂದು ತುಣುಕಿಗೆ ‘ಏನ್ಶಂಟ್ ರೈಟಿಂಗ್’, ಅಂದರೆ ಪ್ರಾಚೀನ ಬರಹ ಎಂದು ಹೆಸರಿಟ್ಟರು. 1965ರಲ್ಲಿ ಬಂದ ಅವರ ‘ಆನ್ ವೀವಿಂಗ್’ ಪುಸ್ತಕ ಅರ್ಪಣೆಯಾಗಿರುವುದು ಬೌಹೌಸ್‌ನ ಯಾವ ಮೇಷ್ಟರಿಗೂ ಅಲ್ಲ, ಆ ಪೆರುವಿನ ಹೆಸರಿಲ್ಲದ ನೇಕಾರರಿಗೆ.

ಮೆಕ್ಸಿಕೊದಲ್ಲೇ ಇನ್ನೊಂದು ಕಿಡಿ ಹತ್ತಿತು. ಮೊಂಟೆ ಆಲ್ಬಾನ್‌ನ ಗೋರಿಯಲ್ಲಿ ಸಿಕ್ಕಿದ್ದ ಪುರಾತನ ಆಭರಣಗಳಲ್ಲಿ ಚಿನ್ನದ ಜೊತೆ ಚಿಪ್ಪು, ಕಲ್ಲುಗಳನ್ನೂ ಸರಿಸಮವಾಗಿ ಪೋಣಿಸಿದ್ದರು. ಅಲ್ಲಿಂದ ಮರಳಿದ ಆನಿ, ಅಲೆಕ್ಸ್ ರೀಡ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ 1940ರ ಹೊತ್ತಿಗೆ ಅಗ್ಗದ ಅಂಗಡಿ ಸಾಮಾನಿನಿಂದ ಒಡವೆ ಮಾಡಿದರು. ಪಾತ್ರೆ ತೊಳೆಯುವ ತೊಟ್ಟಿಯ ತೂತಿಗೆ ಮುಚ್ಚುವ ಜಾಲರಿ ಪದಕವಾಯಿತು, ಪೇಪರ್ ಕ್ಲಿಪ್ಪುಗಳು ಅದರಿಂದ ಇಳಿಬಿದ್ದವು. ನಲ್ಲಿ ರಿಪೇರಿಯ ವಾಷರುಗಳನ್ನು ರಿಬ್ಬನ್ನಿಗೆ ಪೋಣಿಸಿದರು. ನೋಡಿದವರು ಕೆಲವರು ನಕ್ಕಿರಬೇಕು. ಆದರೆ ಚಿತ್ರಗಳಲ್ಲಿ ನೋಡಿ, ಆ ಸರಗಳು ನಿಜಕ್ಕೂ ಚೆಂದ.

ಕಾಲೇಜಿನಲ್ಲಿ ಅವರಿಗೆ ಜೊತೆಯಾದ ಮತ್ತೊಬ್ಬ ಜರ್ಮನ್ ನಿರಾಶ್ರಿತ ಮ್ಯಾಕ್ಸ್ ಡೇನ್. ಗಂಟುಗಳ ಗಣಿತದಲ್ಲಿ ಜಗತ್ತೇ ಗುರುತಿಸಿದ ವಿದ್ವಾಂಸ. 1945ರಿಂದ ಅಲ್ಲಿ ಪಾಠ ಹೇಳುತ್ತಿದ್ದರು. ದಾರದ ಗಂಟು ಬಿಚ್ಚದೆ ಎಷ್ಟು ರೂಪ ತಾಳಬಲ್ಲದು ಎಂದು ಲೆಕ್ಕ ಹಾಕುವವರೊಬ್ಬರು, ದಾರವನ್ನೇ ಬದುಕಾಗಿಸಿಕೊಂಡವರೊಬ್ಬರು. 1947ರಲ್ಲಿ ಆನಿ ಬಣ್ಣದಲ್ಲಿ ಬರೆದ ಗಂಟುಗಳ ಚಿತ್ರಗಳಿವೆ. ಹದಿನಾರು ವರ್ಷದ ನಂತರ ಟ್ಯಾಮರಿಂಡ್‌ನ ಕಲ್ಲಿನ ಮೇಲೆ ಕೈ ಎಲ್ಲಿಂದ ಶುರುಮಾಡಿತು ಎಂಬುದಕ್ಕೆ ಅವೇ ಸಾಕ್ಷಿ.

1949ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ, ಎಲ್ಲರೂ ಮೋಮಾ ಎನ್ನುವುದು, ಆನಿಯ ಬಟ್ಟೆಗಳದೇ ಪ್ರತ್ಯೇಕ ಪ್ರದರ್ಶನ ಏರ್ಪಡಿಸಿತು. ನೇಯ್ಗೆಯವರೊಬ್ಬರಿಗೆ ಅಲ್ಲಿ ಅಂಥ ಗೌರವ ಸಂದದ್ದು ಅದೇ ಮೊದಲು. ಅದೇ ವರ್ಷ ದಂಪತಿ ಕಾಲೇಜು ಬಿಟ್ಟರು. 1950ರಲ್ಲಿ ಯೋಸೆಫ್ ಯೇಲ್ ವಿಶ್ವವಿದ್ಯಾಲಯದ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಆನಿ ನ್ಯೂಹೇವನ್ನಿನ ಮನೆಯಲ್ಲಿ ಮಗ್ಗ ಹೂಡಿಕೊಂಡು ತಮ್ಮಷ್ಟಕ್ಕೆ ಕೆಲಸ ಮಾಡಿದರು. ಮೋಮಾದಲ್ಲಿ ಪ್ರದರ್ಶನ ಕಂಡವರಿಗೆ ಯೇಲ್‌ನಲ್ಲಿ ಕುರ್ಚಿ ಇರಲಿಲ್ಲವೇ ಎಂದರೆ, ಇರಲಿಲ್ಲ.

ಆ ವರ್ಷಗಳಲ್ಲಿ ಅವರ ಕೈಯಿಂದ ಎರಡು ಜಾತಿಯ ಬಟ್ಟೆ ಹೊರಬಂದವು. ಒಂದು ಬಳಕೆಯದು. ಹಾರ್ವರ್ಡ್‌ನ ವಿದ್ಯಾರ್ಥಿನಿಲಯಕ್ಕೆ ಬೌಹೌಸ್ ಕಟ್ಟಿದ ವಾಸ್ತುಶಿಲ್ಪಿ ಗ್ರೋಪಿಯಸ್ ಕೇಳಿದ್ದಕ್ಕೆ ಮಾಡಿಕೊಟ್ಟ ಹಾಸಿಗೆ ಹೊದಿಕೆಗಳ ವಿನ್ಯಾಸವನ್ನು, ಹುಡುಗರ ಸಿಗರೇಟಿನಿಂದ ತೂತು ಬಿದ್ದರೂ ಕಾಣದಂತೆ ಯೋಚಿಸಿ ಹಾಕಿದ್ದರು. ಇನ್ನೊಂದು, ಯಾವ ಉಪಯೋಗಕ್ಕೂ ಇಲ್ಲದ, ಚೌಕಟ್ಟು ಹಾಕಿ ಗೋಡೆಗೆ ತೂಗಲೆಂದೇ ನೇಯ್ದ ಚಿತ್ರಗಳು. ಸೀರೆಗೆ ಬುಟ್ಟಾ ಹಾಕುವಾಗ ನೆಲದ ನೇಯ್ಗೆಯ ಮೇಲೆ ಹೆಚ್ಚಿನ ಹೊಕ್ಕೊಂದನ್ನು ಕೈಯಿಂದಲೇ ಬೇಕಾದಲ್ಲಿ ಸೇರಿಸುತ್ತಾರಲ್ಲ, ಬಹುಮಟ್ಟಿಗೆ ಅದೇ ಉಪಾಯ. ನೆಲ ಸುಮ್ಮನಿರುತ್ತದೆ, ಮೇಲಿನ ಎಳೆ ಅಲೆಯುತ್ತದೆ.

ಈ ಉಪಾಯದ ತುತ್ತತುದಿ ‘ಸಿಕ್ಸ್ ಪ್ರೇಯರ್ಸ್’. ಯಹೂದಿ ನರಮೇಧದಲ್ಲಿ ಸತ್ತ ಅರವತ್ತು ಲಕ್ಷ ಜನರ ನೆನಪಿಗೆ ಏನಾದರೂ ಮಾಡಿಕೊಡಿ ಎಂದು ನ್ಯೂಯಾರ್ಕ್‌ನ ಜ್ಯೂಯಿಷ್ ಮ್ಯೂಸಿಯಂ ಕೇಳಿತ್ತು. 1960ರ ದಶಕದ ನಡುಭಾಗದಲ್ಲಿ ಆನಿ ಆರು ಉದ್ದನೆಯ ಪಟ್ಟಿಗಳನ್ನು ನೇಯ್ದರು, ಒಂದೊಂದೂ ಆಳೆತ್ತರ. ಹತ್ತಿ, ನಾರು, ಲಿನನ್, ನಡುನಡುವೆ ಬೆಳ್ಳಿಯ ಎಳೆ. ಕಪ್ಪು ಬಿಳಿ ನೂಲು ಆ ನೆಲದ ಮೇಲೆ ಹಾವಿನಂತೆ ಹೊರಳುತ್ತ ಸಾಲು ಸಾಲಾಗಿ ಇಳಿಯುತ್ತದೆ. ದೂರದಿಂದ ಕಂಡರೆ ಬರವಣಿಗೆ, ಹತ್ತಿರ ಹೋದರೆ ಒಂದು ಅಕ್ಷರವೂ ಇಲ್ಲ. ಹೆಸರುಗಳಿಲ್ಲ, ಮುಳ್ಳುತಂತಿಯ ಚಿತ್ರವಿಲ್ಲ, ಕಣ್ಣೀರಿಲ್ಲ. ಪಟ್ಟಿಗಳ ಬಣ್ಣವೂ ಒಂದರಂತೆ ಒಂದಿಲ್ಲ. ಹಿಟ್ಲರನ ಅರ್ಥದಲ್ಲಿ ಮಾತ್ರ ಯಹೂದಿಯಾಗಿದ್ದ ಹೆಂಗಸು ಆ ಅರ್ಥಕ್ಕೆ ಕೊಟ್ಟ ಉತ್ತರ ಇದು. ಅವರ ಇಡೀ ಬಾಳಿನ ಕೆಲಸದಲ್ಲಿ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ನೇಯುವ ಹೊತ್ತಿಗಾಗಲೇ ಮನಸ್ಸು ಅರ್ಧ ಕಲ್ಲಚ್ಚಿನತ್ತ ಹೋಗಿತ್ತೆಂಬುದು ವಿಚಿತ್ರ.

ಬಿಟ್ಟದ್ದೇಕೆ? ಮೈಯ ಕಾರಣವಿತ್ತು. ಕಾಲಿನ ತೊಂದರೆ ಹಳೆಯದು, ಮಗ್ಗವೋ ಕೈಕಾಲು ಎರಡನ್ನೂ ಕೇಳುತ್ತದೆ. ಅಚ್ಚಿನ ಮನೆಯಲ್ಲಿ ದುಡಿಮೆಯ ಭಾರವನ್ನು ಪಳಗಿದ ಮುದ್ರಕರು ಹೊರುತ್ತಾರೆ. ಒಂದೇ ಕೆಲಸ ಹತ್ತಾರು ಪ್ರತಿಗಳಾಗುವುದೂ ಆನಿಗೆ ಹಿತವಾಗಿತ್ತು. ಇನ್ನೊಂದು ಕಾರಣವನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ನೂಲಿನಲ್ಲಿ ಮಾಡಿದ್ದನ್ನು ಜನ ಕಸುಬು ಎನ್ನುತ್ತಾರೆ, ಕಾಗದದ ಮೇಲೆ ಮಾಡಿದ್ದನ್ನು ಕಲೆ ಎನ್ನುತ್ತಾರೆ. ನಲವತ್ತು ವರ್ಷ ನೇಯ್ದು ಪಡೆಯದ ಮರ್ಯಾದೆ ನಾಲ್ಕು ವರ್ಷ ಅಚ್ಚು ಹಾಕಿದ್ದಕ್ಕೆ ಸಿಕ್ಕಿತು. ಇದನ್ನು ಹೇಳುವಾಗ ಅವರಿಗೆ ಕಹಿಯಿತ್ತೋ ನಗೆಯಿತ್ತೋ, ಓದಿದವರು ಅವರವರೇ ತೀರ್ಮಾನಿಸಿಕೊಳ್ಳಬೇಕು.

1970ರಲ್ಲಿ ದಂಪತಿ ಕನೆಕ್ಟಿಕಟ್‌ನ ಆರೆಂಜ್ ಎಂಬಲ್ಲಿಗೆ ಮನೆ ಬದಲಿಸಿದರು. ಆ ಹೊತ್ತಿಗೆ ನೇಯ್ಗೆ ನಿಂತಿತ್ತು. ಆಮೇಲಿನದೆಲ್ಲ ಅಚ್ಚು: ಕಲ್ಲಚ್ಚು, ಸ್ಕ್ರೀನ್ ಪ್ರಿಂಟ್, ಆಫ್‌ಸೆಟ್, ಉಬ್ಬಚ್ಚು. ‘ಫಾಕ್ಸ್ 1’ ಎಂಬ 1972ರ ಕೃತಿಗೆ ಆ ಹೆಸರು ಬಂದದ್ದು ಅದು ಅಚ್ಚಾದ ಹಾರ್ಟ್‌ಫರ್ಡ್‌ನ ಮಾಮೂಲಿ ಆಫ್‌ಸೆಟ್ ಪ್ರೆಸ್ಸಿನಿಂದ. ಕಲಾಮುದ್ರಣದವರು ಮೂಗು ಮುರಿಯುವ ವ್ಯಾಪಾರಿ ಯಂತ್ರದಿಂದಲೂ ಏನು ಹೊರಡಿಸಬಹುದು ಎಂಬ ಕುತೂಹಲ. ಕೆಟ್ಟ ನೂಲು ಎಂಬುದಿಲ್ಲ, ಅದರ ಗುಣ ತಿಳಿಯದ ನೇಕಾರರಿದ್ದಾರೆ ಎಂಬ ಹಳೆಯ ಬುದ್ಧಿಯೇ ಇಲ್ಲೂ ಕೆಲಸ ಮಾಡಿತು.

ಎಲ್ಲವೂ ಒಂದೇ ಮಟ್ಟದವಲ್ಲ. ಎಪ್ಪತ್ತರ ದಶಕದ ತ್ರಿಕೋನಗಳ ಚಿತ್ರಗಳಲ್ಲಿ ಕೆಲವು ನನಗೆ ಜಾಣ ವಿದ್ಯಾರ್ಥಿಯ ರೇಖಾಗಣಿತದಂತೆ ಕಾಣುತ್ತವೆ. ಲೆಕ್ಕ ಸರಿಯಿದೆ, ಉಸಿರಿಲ್ಲ. ‘ರೆಡ್ ಮಿಯಾಂಡರ್’ ಮಾತ್ರ ಬೇರೆ. 1954ರಲ್ಲಿ ಲಿನನ್ ಮತ್ತು ಹತ್ತಿಯಲ್ಲಿ ನೇಯ್ದ ಕೆಂಪು ಸುತ್ತುದಾರಿಯನ್ನು 1969ರ ಸುಮಾರಿಗೆ ಸ್ಕ್ರೀನ್ ಪ್ರಿಂಟಿಗೆ ತಂದಾಗ, ಅದೇ ಆಕಾರವನ್ನು ಜರುಗಿಸಿ ಒಂದರ ಮೇಲೊಂದು ಅಚ್ಚು ಹಾಕಿದರು. ಕೆಂಪಿನ ಮೇಲೆ ಕೆಂಪು ಬಿದ್ದಲ್ಲಿ ಬಣ್ಣ ಗಾಢವಾಗುತ್ತದೆ, ದಾರಿ ಕವಲೊಡೆದು ಕಣ್ಣು ಕಳೆದುಹೋಗುತ್ತದೆ. ಹೊಕ್ಕು ಹಾಸನ್ನು ದಾಟುವಾಗ ಎರಡು ಬಣ್ಣ ಕೂಡಿ ಮೂರನೆಯದಾಗುವ ಮಗ್ಗದ ಪವಾಡ ಇದು. ಅಂದಹಾಗೆ, ಸ್ಕ್ರೀನ್ ಪ್ರಿಂಟಿಂಗ್ ಎನ್ನುವಲ್ಲಿನ ಆ ಸ್ಕ್ರೀನ್ ಕೂಡ ಬಿಗಿದು ಕಟ್ಟಿದ ಬಟ್ಟೆಯೇ. ಊರೂರಿನಲ್ಲಿ ಮದುವೆ ಕಾಗದ ಅಚ್ಚು ಹಾಕುವವರಿಗೆ ಇದು ಗೊತ್ತು. ಜಾಲರಿಯ ಒಂದೊಂದು ಕಣ್ಣಿನಿಂದ ಶಾಯಿ ಇಳಿಯಬೇಕು, ಆ ಕಣ್ಣುಗಳನ್ನು ಮಾಡಿದ್ದು ಹಾಸು ಮತ್ತು ಹೊಕ್ಕು.

1978ರ ‘ಮೌಂಟನಸ್’ ಸರಣಿಯಲ್ಲಿ ಶಾಯಿಯನ್ನೂ ಕೈಬಿಟ್ಟರು. ಬಿಳಿ ಕಾಗದವನ್ನು ಒತ್ತಿ ಎಬ್ಬಿಸಿದ ಏರಿಳಿತ, ಅಷ್ಟೇ. ಬೆಳಕು ಓರೆಯಾಗಿ ಬಿದ್ದರೆ ಬೆಟ್ಟ, ಇಲ್ಲದಿದ್ದರೆ ಖಾಲಿ ಹಾಳೆ. ಸ್ಪರ್ಶದ ಅರಿವು ನಮ್ಮಲ್ಲಿ ಸತ್ತೇಹೋಗಿದೆಯೆಂದು ‘ಆನ್ ವೀವಿಂಗ್’ ಪುಸ್ತಕದಲ್ಲಿ ಗೋಗರೆದಿದ್ದ ನೇಕಾರ್ತಿ, ಕಾಗದಕ್ಕೂ ಮೈ ಬರಿಸಿದ ಹಾಗಿದೆ.

ಯೋಸೆಫ್ 1976ರಲ್ಲಿ ತೀರಿಕೊಂಡರು. ಆನಿ ಇನ್ನೂ ಹದಿನೆಂಟು ವರ್ಷ ಬದುಕಿದ್ದು 1994ರ ಮೇ 9ರಂದು ಆರೆಂಜ್‌ನಲ್ಲೇ ಕಣ್ಣು ಮುಚ್ಚಿದರು. ಅವರ ಪ್ರಭಾವ ಹರಿದ ದಾರಿಗಳಲ್ಲೊಂದು ನಮ್ಮ ಕರಾವಳಿಯ ಪಕ್ಕಕ್ಕೇ ಬಂದು ಮುಟ್ಟಿದೆ. ಯೇಲ್‌ನಲ್ಲಿ ಚಿತ್ರಕಲೆ ಓದುತ್ತಿದ್ದ ಶೀಲಾ ಹಿಕ್ಸ್ ಎಂಬ ಹುಡುಗಿಗೆ ನೂಲಿನ ಹುಚ್ಚು ಹಿಡಿದದ್ದನ್ನು ಕಂಡು, ಯೋಸೆಫ್ ಅವಳನ್ನು ಮನೆಗೆ ಕರೆದೊಯ್ದು ಆನಿಯ ಮುಂದೆ ಕೂರಿಸಿದ್ದರು. ಮುಂದೆ ಜಗತ್ಪ್ರಸಿದ್ಧರಾದ ಅದೇ ಹಿಕ್ಸ್ 1960ರ ದಶಕದಲ್ಲಿ ಕೋಝಿಕ್ಕೋಡಿನ ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಮಗ್ಗಗಳಲ್ಲಿ ಬಟ್ಟೆ ವಿನ್ಯಾಸ ಮಾಡಿದರು. ಆ ಕಾರ್ಖಾನೆ ಮೂಲದಲ್ಲಿ ಬಾಸೆಲ್ ಮಿಶನ್ನಿನದು. ಮಂಗಳೂರಿಗೆ ಕಲ್ಲಚ್ಚನ್ನೂ ಹೊಸ ಬಗೆಯ ಮಗ್ಗವನ್ನೂ ತಂದ ಅದೇ ಮಿಶನ್.

2018ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಆನಿಯ ಸಮಗ್ರ ಪ್ರದರ್ಶನ ಏರ್ಪಡಿಸಿತು. ಬಟ್ಟೆ, ಒಡವೆ, ಗಂಟಿನ ಚಿತ್ರ, ಅಚ್ಚು ಎಲ್ಲವೂ ಒಂದೇ ಸೂರಿನಡಿ ಸೇರಿದವು. ಕಸುಬೋ ಕಲೆಯೋ ಎಂದು ಅಲ್ಲಿ ಯಾರೂ ಕೇಳಿದಂತಿಲ್ಲ. ಕೇಳದಿರಲು ಅವರು ಸತ್ತು 24 ವರ್ಷ ಆಗಬೇಕಾಯಿತು.

ಕೊನೆಗೊಂದು ಸಣ್ಣ ಸಂಗತಿ. ಮಗ್ಗ ಬಿಟ್ಟ ನಂತರ, 1974ರಲ್ಲಿ, ಆನಿ ನೋಲ್ ಕಂಪನಿಗಾಗಿ ‘ಎಕ್ಲಾ’ ಎಂಬ ವಿನ್ಯಾಸವೊಂದನ್ನು ಬಟ್ಟೆಯ ಮೇಲೆ ಅಚ್ಚು ಹಾಕಲು ಮಾಡಿಕೊಟ್ಟಿದ್ದರು. ಬಹಳ ವರ್ಷಗಳ ಮೇಲೆ ಕಂಪನಿ ಅದನ್ನು ಅಚ್ಚಿನ ಬದಲು ನೇಯ್ಗೆಯಲ್ಲೇ ಹೊರತಂದಿತು. ಅದು ಗಜದ ಲೆಕ್ಕದಲ್ಲಿ ಮಾರಾಟಕ್ಕಿದೆ. ಕುರ್ಚಿ, ಸೋಫಾಗಳಿಗೆ ಹೊದಿಸುತ್ತಾರೆ, ಜನ ಅದರ ಮೇಲೆ ಕೂರುತ್ತಾರೆ.